ಮೂರು ಸೆಕೆಂಡಿಗೊಂದು ಅಂಕಿ

ಎಡಗೈಯ ಎರಡು ಬೆರಳಿಗೆ ಬದ್ರಿಯಾ
ಬೆಳ್ಳಿಬಣ್ಣದ ಬಿಲ್ಲೆ ಕಟ್ಟಿದಳು.
ಬೆವರು ಅಳೆಯಲಂತೆ,
ಕಣ್ಣಿಗೆ ಕಾಣದ ಬೆವರು, ಹೆದರಿದಾಗ
ಚರ್ಮದ ಒಳಗೇ ಏಳುವ ಹನಿ.
ಎದೆಗೊಂದು ಪಟ್ಟಿ. ನಾಲಿಗೆಯಡಿ ಹತ್ತಿಯ ಸುರುಳಿ.
ಎಂಜಲೂ ಲೆಕ್ಕಕ್ಕೆ ಬಂತು ನೋಡಿ.

ಇಪ್ಪತ್ತಾರು ವರ್ಷ ಮನಾಮಾದ ಚಿನ್ನದ ಪೇಟೆಯಲ್ಲಿ
ತೂಗಿದವನು ನಾನು, ಕುಮಟೆಯ ವಾಮನ ಶೇಟ್.
ಅಪ್ಪ ಗುಲಗಂಜಿ ಇಟ್ಟು ಕಲಿಸಿದ್ದ:
ಫ್ಯಾನು ನಿಲ್ಲಿಸು, ಉಸಿರು ಹಿಡಿ,
ಮುಳ್ಳು ನಿಂತ ಮೇಲೆ ಬಾಯಿ ಬಿಡು.
ಈಗ ತಟ್ಟೆಯಲ್ಲಿ ನಾನೇ.
ಇವರು ಎ.ಸಿ. ಕೂಡ ನಿಲ್ಲಿಸಿಲ್ಲ.

ಕಾಯಿಲೆಗೆ ಉದ್ದದ ಹೆಸರು, ಮಲ್ಟಿಪಲ್ ಸ್ಕ್ಲೆರೋಸಿಸ್.
ನನಗೆ ತಿಳಿದದ್ದು ಇಷ್ಟು:
ನರದ ಮೇಲಿನ ಗಿಲೀಟು ಅಲ್ಲಲ್ಲಿ ಎದ್ದಿದೆ,
ಮತ್ತೆ ಹಾಕುವ ಸೊನಗಾರ ಇನ್ನೂ ಹುಟ್ಟಿಲ್ಲ.

ಪರೀಕ್ಷೆ ಸುಲಭ, ಅಂದಳು.
ಡಬ್ಬಿ ಮೂರು ಸೆಕೆಂಡಿಗೊಂದು ಅಂಕಿ ಹೇಳುತ್ತದೆ.
ಬಂದದ್ದನ್ನು ಅದರ ಹಿಂದಿನದಕ್ಕೆ ಕೂಡು,
ಮೊತ್ತ ಹೇಳು, ಹೇಳಿ ಮರೆ.
ಅಂಕಿ ನೆನಪಿರಲಿ, ಮೊತ್ತ ಬೇಡ.
ನಮ್ಮ ಪೇಟೆಗೆ ಇದು ಪೂರಾ ಉಲ್ಟಾ, ಅಂದೆ.

ನಾಲ್ಕು. ಏಳು. ಹನ್ನೊಂದು ಅಂದೆ.
ಎರಡು. ಒಂಬತ್ತು.
ಎಂಟು. ಹತ್ತು.
ಡಬ್ಬಿಯದು ಇಂಗ್ಲಿಷು. ಕೂಡುವಾಗ ಮಾತ್ರ
ಕುಮಟೆಯ ಶಾಲೆಯ ಮಗ್ಗಿ
ಬೆಂಚಿನ ಮೇಲೆ ನಿಂತು ಕೂಗುತ್ತಿತ್ತು.
ಒಂದು ಅಂಕಿ ಜಾರಿತು. ಅದನ್ನು ಹುಡುಕುವಷ್ಟರಲ್ಲಿ
ಇನ್ನೆರಡು ಬಂದು ಹೋದವು,
ಬಾಗಿಲೆಳೆಯುವ ಹೊತ್ತಿಗೆ ನುಗ್ಗುವ ಗಿರಾಕಿಗಳು.
ಮೂವತ್ತರ ಆಚೆ ತಲೆಯೊಳಗೆ ಬರೀ ಒದ್ದೆ ಮರಳು.
ಆರು, ಅಂದಿತು ಡಬ್ಬಿ.
ಆರು, ಅಂದೆ ನಾನೂ.

ಮುಗಿದ ಮೇಲೆ ಪರದೆ ನನ್ನ ಕಡೆ ತಿರುಗಿಸಿದಳು.
ಬೆಟ್ಟ ಕಾಣುತ್ತದೆ ಅಂದುಕೊಂಡಿದ್ದೆ.
ಬೆವರಿನ ಗೆರೆಗೆ ಅಲ್ಲೊಂದು ಇಲ್ಲೊಂದು ಹುಬ್ಬು,
ಮಿಕ್ಕಂತೆ ಇಳಿತದ ಹೊತ್ತಿನ ಸಮುದ್ರ.
ಒಳಗೆ ಅಷ್ಟು ಗದ್ದಲವಿತ್ತಲ್ಲ?
ಕೆಲವರಲ್ಲಿ ಹೀಗೆ, ಅಂದಳು.
ಅವಳ ಮಾತು ನನಗೆ ಅರ್ಥವಾದದ್ದು ಹೀಗೆ:
ಹೆದರಿದ ಸುದ್ದಿ ಬೆರಳತುದಿಗೆ ತಲುಪುವುದಿಲ್ಲ,
ತಲುಪಿದರೂ ಅಲ್ಲಿ ಯಾರೂ ಎದ್ದು ಬಾಗಿಲು ತೆರೆಯುವುದಿಲ್ಲ.

ಹಾಗಾದರೆ ನನ್ನ ದಣಿವು ಕಾಗದದ ಮೇಲಿಲ್ಲ.
ಮಾಲೀಕನಿಗೆ ಏನು ತೋರಿಸಲಿ?
ಬೆಳಿಗ್ಗೆ ಹನ್ನೊಂದಕ್ಕೇ ಬೆಂಚಿಗೆ ತಲೆಯಾನಿಸಿದವನನ್ನು
ಎರಡು ಸಲ ನೋಡಿದ್ದಾನೆ, ಎರಡು ಸಲವೂ
ಏನೂ ಕೇಳದೆ ದೀಪ ಆರಿಸಿ ಹೋಗಿದ್ದಾನೆ.
ವೀಸಾ ಮಾರ್ಚಿನ ತನಕ.

ಕೊನೆಯ ಪ್ರಶ್ನೆ: ಸುಸ್ತು ಎಷ್ಟು? ಸೊನ್ನೆಯಿಂದ ಹತ್ತು.
ಯಾವ ತೂಕದಲ್ಲಿ ಹೇಳಲಿ, ಗ್ರಾಮೋ ತೊಲೆಯೋ?
ಎಂಟು ಬರೆದೆ. ಹೊಡೆದುಹಾಕಿ ಏಳು.
ಪೇಟೆಯ ಅಭ್ಯಾಸ, ಚೂರು ಬಿಟ್ಟುಕೊಡುವುದು.

ತಂತಿ ಬಿಚ್ಚಿ, ತನ್ನ ಉಂಗುರ ಕಳಚಿ
ಅದೇ ಅಂಗೈಗೆ ಇಟ್ಟಳು.
ಎಷ್ಟಿದೆ ಹೇಳಿ, ಇದು ಪರೀಕ್ಷೆಯಲ್ಲ.
ಎಡಗೈ ಸುಮ್ಮನಿತ್ತು.
ಮೆಲ್ಲಗೆ ಬಲಗೈಗೆ ದಾಟಿಸಿದೆ.
ನಾಲ್ಕೂಕಾಲು ಗ್ರಾಂ, ಅಂದೆ. ಒಂದು ಬದಿ ಸವೆದಿದೆ,
ಮೊದಲು ಐದಿದ್ದಿರಬೇಕು.
ಅಜ್ಜಿಯದು, ಅಂದಳು. ತೂಕ ಅವಳಿಗೂ ಗೊತ್ತಿಲ್ಲ.

ಹೊರಗೆ ಆಗಸ್ಟು.
ಹತ್ತು ಹೆಜ್ಜೆಗೇ ಎಡಗಣ್ಣಿನಲ್ಲಿ ಬಣ್ಣ ಕರಗಿ
ಕೆಂಪು ಬೋರ್ಡು ಇಟ್ಟಿಗೆಪುಡಿಯಾಯಿತು.
ಬಿಸಿಗೆ ಹೀಗಾಗುತ್ತದೆ, ತಂಪಾದರೆ ಮರಳುತ್ತದೆ.
ಔಷಧಿ ಅಂಗಡಿಯ ಗಾಜಿನ ಬಾಗಿಲಿಗೆ ಬೆನ್ನುಕೊಟ್ಟು ನಿಂತೆ,
ಯಾರಾದರೂ ತೆರೆದಾಗ ಒಂದು ಮುಷ್ಟಿ ತಂಪು.

ಎದುರಿನ ಕಾರಿನ ನಂಬರು: ಮೂರು. ಆರು. ಒಂಬತ್ತು.
ಐದು. ಹನ್ನೊಂದು.
ನಿಲ್ಲಿಸಲು ಆಗುತ್ತಿಲ್ಲ.

ಫೋನಿನಲ್ಲಿ ಮುಕ್ತಾ: ಎಷ್ಟು ಬಂತು?
ಬಂದದ್ದನ್ನು ಮರೆಯಬೇಕಂತೆ, ಅಂದೆ.
ಐದನ್ನು ಹಿಡಿದುಕೊಂಡಿದ್ದೇನೆ,
ಮುಂದಿನ ಕಾರು ಬರಲಿ.