ಮೂವತ್ತರ ಮಗ್ಗಿ

ಆರು ಹೇಳಬೇಕಂತಿದ್ದೆ. ದಲಾಲ ಮೈನೋದ್ದೀನ
ಆಕಿ ಬೆನ್ನ ಹಿಂದ ನಿಂತು ಎಂಟು ಬೆರಳು ತೋರಿಸಿದ.
ಆಮ್ಯಾಲ ಕಿವ್ಯಾಗ: "ಟೀಚರ್, ಫಾರಿನ್ ಪಾರ್ಟಿ,
ಚೌಕಾಸಿ ಬರಂಗಿಲ್ಲ ಅವರಿಗೆ."
ನಾಲಿಗಿ ತನ್ನಷ್ಟಕ್ಕ ತಾನ ಎಂಟು ಅಂದಿತ್ತು.
ಆಕಿ ತಲಿ ಆಡಿಸಿದಳು. ದೊಡ್ಡದೊಂದು ಸೂಟ್‌ಕೇಸು,
ಚಕ್ರ ಮುರದದ್ದು.
ಸ್ಟೇಷನ್ನಿಂದ ಗುಬ್ಬಿ ಕಾಲೋನಿಗಿ ಆಟೋಕ್ಕ ಮುನ್ನೂರು ಕೊಟ್ಟಿದ್ಲು.
ನಾ ಎಪ್ಪತ್ತಕ್ಕ ಬರ್ತೀನಿ. ಹೇಳಲಿಲ್ಲ.

ರೆಹೆಮಾ. ಟಾಂಜಾನಿಯಾ. ಫಾರ್ಮಸಿ ಮೊದಲನೇ ವರ್ಷ.
ಪೊಲೀಸರ ಫಾರಂ ತುಂಬುವಾಗ ಊರಿನ ಹೆಸರು
ಮೂರು ಸಲ ಹೇಳಿಸಿಕೊಂಡೆ: ಮ್ವಾಂಜಾ.
ಕರಾರು ಬಾಯಿಲೇ ಆತು.
ನಳ ನಾಕು ದಿನಕ್ಕೊಮ್ಮೆ. ಕೂಲರಿನ ಕರೆಂಟು ಬ್ಯಾರೆ.
ರಾತ್ರಿ ಹತ್ತಕ್ಕ ಗೇಟು. ಮತ್ತ ನಾವು ಲಿಂಗವಂತರು,
ಈ ಮನ್ಯಾಗ ಮೀನು ಮಾಂಸ ಬೇಯಂಗಿಲ್ಲ.

ಅಂಗಡಿ ಮುಂದ ನಿಂತಾಗೆಲ್ಲ ಆಕಿ ತುಟಿ ಅಲುಗತಿದ್ದವು.
ಟೊಮ್ಯಾಟೊ ಕಂಡ್ರ, ಸೋಪಿನ ಮ್ಯಾಲಿನ ರೇಟು ಕಂಡ್ರ.
ಸೂಪರ್ ಮಾರ್ಕೆಟ್‌ದಾಗ ಒಂದು ಜೋಡು ಚಪ್ಪಲಿ ಹಿಡದು
ಬಾಳೊತ್ತು ತುಟಿ ಅಲುಗಿಸಿ, ತಿರುಗಿ ಇಟ್ಟಳು.
ಜಪ ಇರಬೇಕು ಅನ್ಕೊಂಡೆ. ಅವರ ದೇವರು ಯಾವುದೋ.

ಮೇ ತಿಂಗಳ ರಾತ್ರಿ, ಕರೆಂಟಿಲ್ಲ,
ಒಳಗ ಫರಸಿ ಸುಡತಿತ್ತು.
ಮಾಳಿಗಿ ಮ್ಯಾಲ ಇಬ್ಬರೂ ಚಾಪಿ ಹಾಸಿದ್ವಿ. ಕೇಳಿಬಿಟ್ಟೆ.
ನಕ್ಕಳು. ಜಪ ಅಲ್ಲ ಆಂಟಿ,
ಒಂದು ರೂಪಾಯಿಗಿ ನಮ್ಮ ಶಿಲ್ಲಿಂಗು ಮೂವತ್ತು.
ಇಪ್ಪತ್ತೊಂಬತ್ತು ವರ್ಷ ಗಣಿತ ಕಲಿಸಿದಾಕಿ ನಾನು,
ನನ್ನ ಮಗ್ಗಿ ಇಪ್ಪತ್ತಕ್ಕ ಮುಗೀತಿತ್ತು.

ಅವ್ವ ಏನು ಮಾಡ್ತಾಳ?
ಕೆರಿ ದಂಡಿಗಿ (ಸಮುದ್ರದಂಥ ಕೆರಿ ಅಂತ)
ಬೆರಳುದ್ದ ಮೀನು ಒಣಗಿಸಿ ಡಬ್ಬಿಲೇ ಅಳದು ಮಾರ್ತಾಳ.
ಡಬ್ಬಿಗೆಷ್ಟು? ಆರು ಸಾವಿರ, ಅವರ ರೊಕ್ಕ.
ಕೇಳಬಾರದಿತ್ತು. ಲೆಕ್ಕ ಕಲಿಸಿದ ತಲಿ ಸುಮ್ಮನಿರಂಗಿಲ್ಲ,
ಕತ್ತಲದಾಗ ತಾನ ಮಾಡಿ ಮುಗಿಸಿತು:
ನಾ ಮ್ಯಾಲ ತಗೊಂಡ ಎರಡು ಸಾವಿರ
ಗುಣಿಲೆ ಮೂವತ್ತು, ಭಾಗಿಲೆ ಆರು ಸಾವಿರ.
ಹತ್ತು ಡಬ್ಬಿ.
ತಿಂಗಳಾ ಹತ್ತು ಡಬ್ಬಿ ಮೀನು
ಕೊರಳಾಗ ಲಿಂಗ ಕಟ್ಟಿಕೊಂಡು
ಮುಳ್ಳು ಸಮೇತ ನುಂಗತಿದ್ದೆ ನಾನು.

ಬಾಡಿಗಿ ಇಳಿಸಿದೆ ಅಂತ ಬರದ್ರ ಛಲೋ ಇರತಿತ್ತು.
ಇಳಿಸಲಿಲ್ಲ. ಒಂದನೇ ತಾರೀಖು ಎಂಟೂ ಎಣಿಸಿ ತಗೊಂಡೆ.
ಬಚ್ಚಲದ ಪೈಪು ಒಡದಿತ್ತು, ಪಿಂಚಣಿ ತಡ ಆಗಿತ್ತು.
ಕಾರಣಕ್ಕೇನು ಬರ, ಹುಡುಕಿದ್ರ ಸಿಗತಾವ.
ಆದ್ರ ಶ್ರಾವಣ ಮುಗದ ಮ್ಯಾಲ ಒಂದಿನ ಅಂದೆ:
ಹಿತ್ತಲದಾಗ ಸ್ಟೋ ಹಚ್ಚಿಕೊ, ಏನರ ಬೇಯಿಸಿಕೊ,
ಗಾಳಿ ಆ ಕಡೆ ಬೀಸ್ತದ.
ಸೂಟ್‌ಕೇಸಿನ ತಳದಾಗ ವರ್ಷದಿಂದ ಕಟ್ಟಿಟ್ಟ ಗಂಟು
ಆವತ್ತೇ ಬಿಚ್ಚಿದಳು.

ಗಾಳಿ ಆ ಕಡೆ ಬೀಸಲಿಲ್ಲ.
ಪಡಸಾಲ್ಯಾಗ ಟ್ಯೂಷನ್ ಹುಡುಗರು ಮೂಗು ಹಿಡಕೊಂಡ್ರು.
"ಟೀಚರ್, ಖಿಡಕಿ ಹಾಕಲೇನ್ರಿ?"
ಬ್ಯಾಡ ಅಂದೆ. ಕೈ ಕಟ್ಟಿ ಕೂಡ್ರಿ. ಮುಂದಿಂದು ಹೇಳ್ರಿ.
ಕಿರಾಣಿ ಶಿವಶರಣನ ಮಗ ಎದ್ದು ರಾಗ ಎಳದ:
ಮೂವತ್ತೇಳ್ಲೆ ಎರಡುನೂರಾ ಹತ್ತು,
ಮೂವತ್ತೆಂಟ್ಲೆ...
ಅಲ್ಲೇ ತಡವರಿಸಿ ನನ್ನ ಮುಖ ನೋಡಿದ.
ನಾ ನೆಲ ನೋಡಿದೆ.

"ಎರಡುನೂರಾ ನಲವತ್ತು" ಅಂದಳು ರೆಹೆಮಾ
ಹಿತ್ತಲದಿಂದ, ಕನ್ನಡದಾಗ.