ಅನ್ನಭೇದಿ

ಬೆಟಗೇರಿಯ ನಮ್ಮ ಓಣಿಯೊಳಗ
ಇವತ್ತು ಯಾವ ವಾರ ಅಂತ ಗಟಾರ ನೋಡಿ ಹೇಳತಿದ್ರು.
ಬುಧವಾರ ರಾಣಿ ಬಣ್ಣ,
ಶುಕ್ರವಾರ ಗಿಳಿಹಸಿರು,
ಲಗ್ನದ ಸೀಜನ್ನಿನಾಗ ಏಳೂ ದಿನ ಕೆಂಪ.
ಚವಡಿಯವರ ಎಮ್ಮಿ ಮೊಣಕಾಲತನಾ ಗುಲಾಬಿ ಆಗಿ
ಹಾಲು ಮಾತ್ರ ಬೆಳ್ಳಗ ಕೊಡತಿತ್ತು.
ಅದನ್ನ ನೋಡಿ ನಾವು ನಗತಿದ್ವಿ.

ನಮ್ಮಜ್ಜ ದಾವಲಸಾಬ ನೀಲಗಾರ
ಲಡಿ ಹಿಂಡಿ ಗಳಕ್ಕ ಹಾಕಿ ಅಂತಿದ್ದ:
'ಸೀರಿ ಹರಿದು ಕೌದಿ ಆಗಲಿ,
ಕೌದಿ ಹರಿದು ಒರಸೋ ಅರಿವಿ ಆಗಲಿ,
ಬಣ್ಣ ಮಾತ್ರ ಜಗ್ಗಬಾರದು.'
ನಾನು ಕಲತದ್ದು ಅದೊಂದ ಮಾತು.
ನನ್ನ ಕಾಲಕ್ಕ ಬಣ್ಣ ಡಬ್ಬಿಯೊಳಗ ಪುಡಿಯಾಗಿ ಬಂತು.
ಬಾನಿಗೆ ಬೊಗಸಿಗಟ್ಟಲೆ ಉಪ್ಪು ಸುರಿದರ
ನೂಲು ಹಿಡಕೊಂತಿತ್ತು.
ಅದು ಹಿಡೀಲಾರದ್ದು ಗಟಾರಕ್ಕ.

ಒಂದು ಮುಂಜಾನೆ ಹಿಂದಿನ ಮನಿ ಹಾಲವ್ವ
ತನ್ನ ಬಾವಿ ನೀರು ಸ್ಟೀಲಿನ ವಾಟಗದಾಗ ತಂದು
ನಮ್ಮ ಕಟ್ಟಿ ಮ್ಯಾಲ ಇಟ್ಟಳು.
ಬೈಲಿಲ್ಲ. ಕುಡಿ ಅನ್ನಲಿಲ್ಲ.
'ಬ್ಯಾಳಿ ಬೇಯವಲ್ದು' ಅಂದಳು, ಹೋದಳು.
ತಿಳಿಗುಲಾಬಿ ನೀರು.
ವಾಟಗದ ತಳದಾಗ ಕೊರಸಿದ್ದ ಅವಳ ಗಂಡನ ಹೆಸರು
ಆ ಬಣ್ಣದಾಗ ಚೊಲೋನ ಕಾಣತಿತ್ತು.

ಕಾಲೇಜಿನಿಂದ ಪದ್ಮಾ ಹೊಂಬಳ ಬಾಯಾರು ಬಂದರು,
ಕೈಯಾಗ ಹಸಿರು ಹರಳಿನ ಪೊಟ್ಟಣ.
ನೋಡಿದ ಕೂಡಲೇ ಗುರುತು ಹಿಡಿದೆ. ಅನ್ನಭೇದಿ!
ಅಜ್ಜ ಅಳಲೆಕಾಯಿ ಕುದಿಸಿ ಇದನ್ನ ಹಾಕಿದರ
ಬಿಳಿ ನೂಲು ಕಾಗಿಯಂಗ ಕರ್ರಗ ಆಗತಿತ್ತು.
'ಇದು ಬಣ್ಣ ಹಚ್ಚೋದಲ್ಲೇನ್ರಿ?'
'ಹಚ್ಚತೈತಿ. ಬಿಡಸತೈತಿ.
ಜೋಡಿ ಯಾರು ಅನ್ನೋದರ ಮ್ಯಾಲ.'

ಮೊದಲು ಹುಳಿ,
ಚೀಟಿ ಕೆಂಪಾಗೋತನಾ ಹನಿ ಹನಿ ಆಸಿಡ್ಡು.
ಆಮ್ಯಾಲ ಕಬ್ಬಿಣದ ಆ ಹರಳು, ಹಿಡಿಗಿಂತ ಕಡಿಮಿ.
ಆಮ್ಯಾಲ ಕ್ಯಾನಿನ ಪೆರಾಕ್ಸೈಡು,
ದವಾಖಾನಿಯಾಗ ಗಾಯ ತೊಳಿಯೋದರ ದೊಡ್ಡಣ್ಣ.
ಬಾನಿ ಬೆಚ್ಚಗಾತು. ಸುಂಯ್ ಅಂತ ನೊರಿ.
ಕಣ್ಣಿಗೆ ಬೀಳಲಾರದ್ದು ಏನೋ ಹುಟ್ಟಿ
ಬಣ್ಣದ ಕೊಂಡಿ ಕೊಂಡಿ ಕಡಿದು
ತಾನೂ ಅಲ್ಲೇ ಸಾಯತೈತಂತ;
ನಾವು ರೆಪ್ಪಿ ಬಡಿಯೋದರಾಗ
ಅದಕ್ಕ ಕೋಟಿ ಜನ್ಮ.

ಮೊದಲ ದಿನ ಕೆಟ್ಟಿತು.
ಹರಳು ಹೆಚ್ಚಾಗಿ ಬಾನಿ ತುಂಬ ತುಕ್ಕಿನ ಚಾ.
ನಾಕನೇ ದಿನ
ರಾಣಿ ಬಣ್ಣ ಉಳ್ಳಾಗಡ್ಡಿ ಸಿಪ್ಪಿ ಆತು,
ಸಿಪ್ಪಿ ಕಬ್ಬಿನ ಹಾಲಾತು.
ಸುಣ್ಣ ಕಲಸಿ ರಾತ್ರಿ ಬಿಟ್ಟು ಮುಂಜಾನೆ ಬಗ್ಗಿದರ
ಬಾನಿಯ ಒಳಗ್ವಾಡಿಯ ಬಿರುಕು ಕಂಡಿತು,
ಮೂವತ್ತು ವರ್ಷ ನಾನು ಕಾಣಲಾರದ ಬಿರುಕು.
ಖುಷಿ ಆತು.
ಖರೆ ಹೇಳತೇನಿ, ಹೊಟ್ಟ್ಯಾಗ ಚುರ್ ಅಂತೂ ಅಂತು.
ಅಜ್ಜನ ಬಣ್ಣ ಕಡೀಕ ಜಗ್ಗಿತಲ್ಲ.

ತಳದಾಗ ಕೂತ ಕೆಂಗಂದು ರಾಡಿ
ಚೀಲ ತುಂಬಿ ಗ್ವಾಡಿಗೆ ಆನಿಸೇನಿ. ಹದಿನೇಳು ಚೀಲ.
ಎಲ್ಲಿಗೆ ಒಯ್ತಿ ಅಂತ ನಗರಸಭೆಯವರು ನನ್ನ ಕೇಳತಾರ,
ನಾನು ಅವರನ್ನ ಕೇಳತೇನಿ.
ಲಡಿಗೆ ಹೆಚ್ಚು ಬಿದ್ದ ನಾಕು ರೂಪಾಯಿ ಅಂದರ
ಮಾಲಕ ಫೋನ್ ಇಡತಾನ.

ನಿನ್ನೆ ಹಾಲವ್ವನ ವಾಟಗ ತಿಕ್ಕಿ ತೊಳದು
ಬಾನಿಯ ತಿಳಿ ತುಂಬಿ ಅವಳ ಕಟ್ಟಿಗೆ ಇಟ್ಟೆ.
'ಕುಡೀಬ್ಯಾಡವ್ವಾ. ನೋಡು, ಅಷ್ಟ.'
ಬಿಸಲಿಗೆ ಹಿಡಿದಳು. ತಿರುವಿ ತಿರುವಿ ನೋಡಿದಳು.
ತಳದ ಹೆಸರು ಓದಿದಳೋ ಏನೋ.
ನಾ ಬ್ಯಾಡ ಅನ್ನೋದರಾಗ
ಬೊಟ್ಟು ಅದ್ದಿ ನಾಲಿಗಿ ತುದಿಗೆ ಮುಟ್ಟಿಸಿ
'ಬಣ್ಣ ಹೋಗೇತಿ' ಅಂದಳು.
'ಉಪ್ಪು?'