ಬಳಚು ಬಾಯಿ ಬಿಡುವ ಹೊತ್ತು

ಹಲ್ಲಿನ ಡಾಕ್ಟರು ಕನ್ನಡಿ ಹಿಡಿದು ತೋರಿಸಿದರು:
ದವಡೆ ಹಲ್ಲುಗಳ ನೆತ್ತಿ ಸವೆದು
ದಂಡೆಯ ಕಲ್ಲಿನಂತೆ ನುಣುಪಾಗಿವೆ.
‘ರಾತ್ರಿಯೆಲ್ಲ ಏನು ಅಗಿಯುತ್ತೀರಿ?’
ಹೇಳಲಿಲ್ಲ. ಹೇಳುವುದೇನು?
ಕುಮಟೆಯಿಂದ ಮಣಿಪಾಲಕ್ಕೆ ಎಷ್ಟು ದಾರಿಯೋ
ಅಷ್ಟನ್ನೂ ಅಗಿಯುತ್ತೇನೆ ಮೇಡಂ,
ಶರಾವತಿ ಸೇತುವೆ, ಭಟ್ಕಳದ ಸರ್ಕಲ್ಲು,
ಹಿಂದೆ ಮಲಗಿದವರ ಉಸಿರಿನ ಎಣಿಕೆ.

ಒಂಬತ್ತು ವರ್ಷದ ಸೈರನ್ನು.
ಬಂದ್ ಮಾಡುವ ಗುಂಡಿ ಗಾಡಿಯಲ್ಲಿದೆ,
ನನ್ನಲ್ಲಿ ಎಲ್ಲಿದೆಯೋ.
ಕುಕ್ಕರು ಕೂಗಿದರೆ ಬಲಗಾಲು
ಇಲ್ಲದ ಎಕ್ಸಲೇಟರು ಒತ್ತುತ್ತದೆ.
ಭುಜಗಳು ಕಿವಿಯ ಬಳಿ ಬಿಡಾರ ಹೂಡಿವೆ.
ಉಂಡ ಗಂಜಿಯೂ ಎದೆಯಲ್ಲಿ ಉರಿ.
ರಜೆಯ ದಿನವೂ ಬೆಳಗಿನ ಮೂರಕ್ಕೆ
ಯಾರೋ ಹೆಗಲು ತಟ್ಟಿದಂತೆ ಎಚ್ಚರ,
ಪಕ್ಕೆಲುಬಿನೊಳಗೆ ಓಡುವ ಗಾಡಿ,
ಒಳಗೆ ರೋಗಿಯಿಲ್ಲ.
ಅಥವಾ ಇದ್ದಾನೆ.

ಪೆನ್ಸಿಲ್ ಬೀಳಿಸಿದ್ದಕ್ಕೆ
ಮಗಳು ಸುನೇತ್ರಾಳ ಮೇಲೆ ಕೂಗಿದೆ.
ಅವಳು ಹೆಕ್ಕಲಿಲ್ಲ, ನನ್ನನ್ನೇ ನೋಡುತ್ತ
ಗೋಡೆಗೆ ಒತ್ತಿ ನಿಂತಳು.
ಮರುದಿನ ರಜೆ ಬರೆದುಕೊಟ್ಟೆ.

ಹೊನ್ನತ್ತೆ ಏನೂ ಕೇಳಲಿಲ್ಲ.
ಅಘನಾಶಿನಿ ಇಳಿದು ಬೆನ್ನು ತೋರಿಸಿದಾಗ
ಬುಟ್ಟಿ ಕೈಗಿಟ್ಟು ಮುಂದೆ ನಡೆದಳು.
ಮೊಣಕಾಲ ತನಕ ಕೆಸರು.
ಇಲ್ಲಿ ಓಡಲಾಗದು,
ಓಡಿದರೆ ಕಾಲು ಒಳಗೇ ಉಳಿಯುತ್ತದೆ.
‘ಅಂಗಾಲಿಂದ ಹುಡುಕು ಜಟ್ಟಿ, ಕಣ್ಣಿಂದಲ್ಲ.’
ನನ್ನ ಅಂಗಾಲಿಗೆ ಗೊತ್ತಿದ್ದದ್ದು ಮೂರೇ ಪೆಡಲು.
ಅವತ್ತು ಅದಕ್ಕೆ ತಾಗಿತು
ತಣ್ಣಗಿನ ಒಂದು ಅಂಚು.

ಅಂಗಳದಲ್ಲಿ ಕತ್ತಿ ಹಿಡಿದು ಕೂತೆ.
‘ಬ್ಯಾಡ, ಚಿಪ್ಪು ಒಡೀತದೆ.
ಹೊಳೆನೀರಲ್ಲೇ ಇಡು. ಮೇಲೊಂದು ಗೋಣಿ ಮುಚ್ಚು.
ಕಾವಲು ಕೂರಬ್ಯಾಡ.
ತಾವಾಗೇ ಉಗುಳ್ತವೆ ಮರಳ.’

ಎರಡು ಸಲ ಎದ್ದು ನೋಡಿದೆ,
ಕಾವಲು ಬಿಟ್ಟು ಗೊತ್ತಿದ್ದವನಲ್ಲ.
ಮೂರನೆಯ ಸಲ ಎಚ್ಚರವಾದಾಗ
ಬೆಳಕು ಹರಿದುಬಿಟ್ಟಿತ್ತು!
ಪಾತ್ರೆಯ ತಳದಲ್ಲಿ ಬೂದು ಮರಳಿನ ತೆಳು ಪದರ,
ಬಳಚು ಅಕ್ಕಿಕಾಳಿನಷ್ಟು ಬಾಯಿಬಿಟ್ಟಿದ್ದವು.
ಎಲ್ಲವೂ ಅಲ್ಲ. ಕೆಲವು ಬಿಗಿದುಕೊಂಡೇ ಇದ್ದವು.
ಹೊನ್ನತ್ತೆ ಅವನ್ನು ಬೈಯದೆ
ಇನ್ನೊಂದು ನೀರಿಗೆ ಹಾಕಿದಳು.

ಈಗ ಮತ್ತೆ ಡ್ಯೂಟಿ.
ಡಾಕ್ಟರು ಕೊಟ್ಟ ಹಲ್ಲಿನ ಕವಚ ದಿಂಬಿನ ಬಳಿ.
ರಾತ್ರಿಪಾಳಿ ವಾರಕ್ಕೆರಡೇ ಸಾಕೆಂದು
ಬಾಯಿಬಿಟ್ಟು ಕೇಳಿದ್ದೇನೆ, ಮೊದಲ ಸಲ.
ಖಾಲಿ ಗಾಡಿ ವಾಪಸು ತರುವಾಗ
ಶರಾವತಿ ದಾಟಿ ಹತ್ತು ನಿಮಿಷ ನಿಲ್ಲಿಸುತ್ತೇನೆ,
ಚಾವಿ ತೆಗೆದು.
ಹಲ್ಲಿನ ಸಾಲುಗಳ ನಡುವೆ ನಾಲಗೆ ಇಟ್ಟು ನೋಡುತ್ತೇನೆ:
ಜಾಗವಿದೆ, ಅಕ್ಕಿಕಾಳಿನಷ್ಟು.

ಮನೆಯಲ್ಲಿ ಸುನೇತ್ರಾ
ಇನ್ನೂ ಪೆನ್ಸಿಲನ್ನು
ಸದ್ದಾಗದಂತೆ ಇಡುತ್ತಾಳೆ.